ಸಂಜೆ ಆರರಿಂದ ಒಂಬತ್ತು: ಅಪ್ಪ-ಅಮ್ಮಂದಿರ ತಾಳ್ಮೆ ಎಲ್ಲಿ ಖರ್ಚಾಗುತ್ತದೆ?

2024ರ ಆಗಸ್ಟ್‌ನಲ್ಲಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡುವ ಮುಖ್ಯ ವೈದ್ಯರು, ಒಂದು ಆರೋಗ್ಯ ಎಚ್ಚರಿಕೆ ಹೊರಡಿಸಿದರು. ಆ ಹುದ್ದೆಯ ಹೆಸರು ಕೇಳಿದರೆ ಜನರಿಗೆ ನೆನಪಾಗುವುದು ಸಿಗರೇಟಿನ ಬಗ್ಗೆ ಕೊಡುವ ಎಚ್ಚರಿಕೆ. ಈ ಸಲದ್ದು ಮಾತ್ರ ಅಪ್ಪ-ಅಮ್ಮಂದಿರ ಬಗ್ಗೆ ಇತ್ತು. ಮಕ್ಕಳನ್ನು ಸಾಕುತ್ತಿರುವವರ ಮೇಲಿನ ಒತ್ತಡವನ್ನು ಇನ್ನು ಮನೆಯೊಳಗಿನ ವಿಷಯ ಅಂತ ಬಿಡೋಕಾಗಲ್ಲ, ಅದು ಊರಿಗೇ ಸಂಬಂಧಪಟ್ಟ ಆರೋಗ್ಯದ ಸಮಸ್ಯೆ ಅನ್ನುವುದು ಅದರ ಸಾರ. ಅಲ್ಲಿನ ಅಪ್ಪ-ಅಮ್ಮಂದಿರಲ್ಲಿ ಶೇ 48ರಷ್ಟು ಜನ, ಹೆಚ್ಚಿನ ದಿನಗಳಲ್ಲಿ ಒತ್ತಡ ತಡೆಯೋಕೇ ಆಗಲ್ಲ ಅಂದಿದ್ದರು. ಉಳಿದ ದೊಡ್ಡವರಲ್ಲಿ ಹಾಗೆ ಹೇಳಿದವರು ಶೇ 26. ಆಗ ಆ ಹುದ್ದೆಯಲ್ಲಿದ್ದು ಈ ಎಚ್ಚರಿಕೆ ಬರೆದ ವಿವೇಕ್ ಮೂರ್ತಿ ಅವರೂ ಇಬ್ಬರು ಚಿಕ್ಕ ಮಕ್ಕಳ ಅಪ್ಪ. ಅವರ ಕುಟುಂಬದ ಮೂಲ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆ.

ಇದನ್ನು ನಮ್ಮ ಕಡೆಯ ಯಾವ ಮನೆಯಲ್ಲಾದರೂ ಓದಿ ಹೇಳಿ, ಮೊದಲು ಬರುವ ಮಾತು ನಿಮಗೆ ಗೊತ್ತೇ ಇದೆ. "ನಮ್ಮಜ್ಜಿ ಎಂಟು ಹೆತ್ತು ಸಾಕಿದ್ರು, ಇವರಿಗೆ ಒಂದು ಸಾಕೋಕೆ ಸ್ಟ್ರೆಸ್ಸಂತೆ!"

ಈ ಮಾತನ್ನು ಸುಮ್ನೆ ನಕ್ಕು ಬಿಡೋದು ಬೇಡ, ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಎಂಟು ಹೆತ್ತ ಅಜ್ಜಿಯ ಮನೆಯಲ್ಲಿ ಅತ್ತೆ ಇದ್ದರು. ಓರಗಿತ್ತಿ ಇದ್ದರು, ಮದುವೆಯಾಗದ ನಾದಿನಿ ಇದ್ದರು. ಹತ್ತು ವರ್ಷದ ಹಿರಿಮಗಳು ಎರಡು ವರ್ಷದ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಓಣಿ ತುಂಬ ಓಡಾಡುತ್ತಿದ್ದಳು. (ಅವಳ ಓದು ಮೂರನೇ ಕ್ಲಾಸಿಗೇ ನಿಂತಿತ್ತು ಅನ್ನೋದನ್ನು ಯಾರೂ ಹೇಳಲ್ಲ. ಹಳೇ ಕಾಲದ ಕೂಡು ಕುಟುಂಬ ಪುಕ್ಕಟೆಯಾಗಿ ನಡೆಯುತ್ತಿರಲಿಲ್ಲ, ಯಾರೋ ಒಬ್ಬ ಹುಡುಗಿ ಅದಕ್ಕೆ ಬೆಲೆ ತೆರುತ್ತಿದ್ದಳು.) ಮಗು ಅಳುತ್ತಿದ್ದರೆ ಜಗಲಿಯಲ್ಲಿ ಕೂತ ತಾತನಾದರೂ ಎತ್ತಿಕೊಳ್ಳುತ್ತಿದ್ದರು, ಪಕ್ಕದ ಮನೆಯವರಾದರೂ ಎತ್ತಿಕೊಳ್ಳುತ್ತಿದ್ದರು. ಇನ್ನು ಅಜ್ಜಿಗೆ ಖುಷಿಯಿತ್ತಾ, ದಣಿವಿತ್ತಾ, ರಾತ್ರಿ ಅಳುತ್ತಿದ್ದರಾ ಅಂತ ಅವರನ್ನು ಕೇಳಿದವರೂ ಇಲ್ಲ. ಹಾಗಾಗಿ "ಆಗ ಯಾರಿಗೂ ಒತ್ತಡ ಇರಲಿಲ್ಲ" ಅಂತ ನಮಗೆ ಹೇಗೆ ಗೊತ್ತು?

ಈಗಿನ ಲೆಕ್ಕ ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಮಕ್ಕಳು ಕಡಿಮೆಯಾದರು, ನಿಜ. ಅದರ ಜೊತೆಗೇ ಚಿಕ್ಕಮ್ಮ, ಸೋದರಮಾವ, ದೊಡ್ಡಪ್ಪನ ಮಕ್ಕಳೂ ಕಡಿಮೆಯಾದರು. ಮಗುವನ್ನು ಎತ್ತಿಕೊಳ್ಳುವ ಕೈಗಳು ಮಕ್ಕಳಿಗಿಂತ ಬೇಗ ಕಮ್ಮಿಯಾಗಿವೆ. ಬೆಲ್ಜಿಯಂನ ಸಂಶೋಧಕಿಯರಾದ ಇಸಾಬೆಲ್ ರಾಸ್ಕಮ್ ಮತ್ತು ಮೊಯಿರಾ ಮಿಕೊಲಾಯ್‌ಚಾಕ್ ಅವರ ತಂಡ ಮಕ್ಕಳನ್ನು ಸಾಕಿ ಸಾಕಿ ಅಪ್ಪ-ಅಮ್ಮ ಪೂರ್ತಿ ಬತ್ತಿಹೋಗುವ ಸ್ಥಿತಿಯ ಬಗ್ಗೆ 42 ದೇಶಗಳಲ್ಲಿ ಅಧ್ಯಯನ ಮಾಡಿ 2021ರಲ್ಲಿ ಪ್ರಕಟಿಸಿತು. 'ನನ್ನ ಮಗು, ನನ್ನ ಜವಾಬ್ದಾರಿ' ಅನ್ನುವ ಸಮಾಜಗಳಲ್ಲಿ ಈ ಸ್ಥಿತಿ ಎದ್ದು ಕಾಣುವಷ್ಟು ಜಾಸ್ತಿಯಿತ್ತು. ಎಷ್ಟು ಮಕ್ಕಳಿದ್ದಾರೆ, ಅವರ ವಯಸ್ಸೆಷ್ಟು, ಅವರ ಜೊತೆ ದಿನಕ್ಕೆ ಎಷ್ಟು ಗಂಟೆ ಕಳೆಯುತ್ತೀರಿ ಅನ್ನೋದಕ್ಕಿಂತಲೂ ಇದರ ಪ್ರಭಾವವೇ ದೊಡ್ಡದಾಗಿತ್ತು. ಅಂದರೆ ಎಂಟು ಹೆತ್ತವರಿಗಿಂತ ಒಂದು ಹೆತ್ತವರು ಹೆಚ್ಚು ದಣಿಯೋದು ಸಾಧ್ಯ. ಅದರಲ್ಲಿ ನಾಟಕವೇನೂ ಇಲ್ಲ.

ನನಗೆ ಅನ್ನಿಸೋದು ಇಷ್ಟು. ತಾಳ್ಮೆಯನ್ನು ನಾವು ಒಬ್ಬೊಬ್ಬರ ಸ್ವಭಾವ ಅಂದುಕೊಂಡಿದ್ದೇವೆ. ಚಿಕ್ಕ ಮಕ್ಕಳ ಮನೆಯಲ್ಲಿ ತಾಳ್ಮೆ ಎಷ್ಟಿರುತ್ತದೆ ಅನ್ನೋದು ಆ ಹೊತ್ತಿಗೆ ಎಷ್ಟು ದೊಡ್ಡವರು ಖಾಲಿ ಕೈಯಲ್ಲಿದ್ದಾರೆ ಅನ್ನೋದರ ಮೇಲೆ ನಿಂತಿದೆ. ಇದನ್ನು ಬಿಟ್ಟು ಬರೀ "ಪ್ರಾಣಾಯಾಮ ಮಾಡಿ, ಪಾಸಿಟಿವ್ ಆಗಿರಿ" ಅಂದರೆ ಕೇಳಿದವರಿಗೆ ಇನ್ನೂ ಸಿಟ್ಟು ಬರುತ್ತದೆ.

ಸಂಜೆಯ ಲೆಕ್ಕ

ಬೆಂಗಳೂರಿನಲ್ಲಿ ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಒಂದು ಮನೆ ತೆಗೆದುಕೊಳ್ಳಿ. ಡೇಕೇರ್ ಆರೂವರೆಗೆ ಮುಚ್ಚುತ್ತದೆ, ತಡವಾದರೆ ಎಕ್ಸ್‌ಟ್ರಾ ದುಡ್ಡು. ಸಿಲ್ಕ್ ಬೋರ್ಡ್ ಹತ್ತಿರ ಕ್ಯಾಬ್ ನಿಂತಲ್ಲೇ ನಿಂತಿದೆ. ಹೇಗೋ ಓಡಿ ಹೋಗಿ ತಲುಪಿದರೆ ಡೇಕೇರ್ ಆಂಟಿ ಹೇಳುತ್ತಾರೆ, "ಇಷ್ಟೊತ್ತೂ ಚೆನ್ನಾಗೇ ಆಡ್ಕೊಂಡಿದ್ದ ಮೇಡಂ, ನಿಮ್ಮನ್ನ ನೋಡಿದ ತಕ್ಷಣ ಶುರು ಮಾಡ್ದ." ಅದು ಅಮ್ಮನಿಗೆ ಚುಚ್ಚುತ್ತದೆ, ನನ್ನ ಹತ್ತಿರ ಬಂದರೇ ಯಾಕೆ ಹೀಗೆ ಅಂತ. ಕಾರಣ ಸರಳ. ಮಗು ಇಡೀ ದಿನ ಬೇರೆಯವರ ನಡುವೆ ತನ್ನನ್ನು ತಾನು ಹಿಡಿದಿಟ್ಟುಕೊಂಡಿರುತ್ತದೆ, ಆಟಿಕೆ ಹಂಚಿಕೊಂಡಿರುತ್ತದೆ, ಹೇಳಿದ ಹೊತ್ತಿಗೆ ಮಲಗಿ ಎದ್ದಿರುತ್ತದೆ. ಅಮ್ಮನ ಮುಖ ಕಂಡ ಕೂಡಲೇ ಅಷ್ಟನ್ನೂ ಇಳಿಸುತ್ತದೆ. ಎಲ್ಲಿ ಭಯವಿಲ್ಲವೋ ಅಲ್ಲೇ ತಾನೇ ರಚ್ಚೆ ಹಿಡಿಯೋದು?

ಅಮ್ಮನೂ ಅದೇ ಸ್ಥಿತಿಯಲ್ಲಿ ಮನೆಗೆ ಬಂದಿರುತ್ತಾಳೆ. ಮೀಟಿಂಗ್‌ನಲ್ಲಿ ಮ್ಯಾನೇಜರ್ ಅಂದದ್ದನ್ನು ನುಂಗಿಕೊಂಡು ಬಂದಿರುತ್ತಾಳೆ. ಈಗ ಕುಕ್ಕರ್ ಇಡಬೇಕು, ಮಗುವಿಗೆ ಸ್ನಾನ ಮಾಡಿಸಬೇಕು, ಅನ್ನ ಕಲಸಿ ತಿನ್ನಿಸಬೇಕು, ನಾಳೆಯ ಡಬ್ಬಿಗೆ ಏನು ಅಂತ ಯೋಚಿಸಬೇಕು, ಎಂಟೂವರೆಗೆ ಅಮೆರಿಕದವರ ಕಾಲ್ ಬೇರೆ ಇದೆ. ಮೂರು ವಿಷಲ್ ಆಗುವಷ್ಟರಲ್ಲಿ ಮಗು ಒದ್ದೆ ಮೈಯಲ್ಲಿ ಹಾಲ್ ತುಂಬ ಓಡುತ್ತಿದೆ, ಚಡ್ಡಿ ಹಾಕಿಸಿಕೊಳ್ಳಲ್ಲ ಅಂತ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನೋ ಗಾದೆ ಹುಟ್ಟಿದ್ದೇ ಇಂಥ ಹೊತ್ತಿನಲ್ಲಿರಬೇಕು. ಮ್ಯಾನೇಜರ್ ಮೇಲಿನ ಸಿಟ್ಟು ಚಡ್ಡಿ ಹಾಕದ ಮಗುವಿನ ಮೇಲೆ.

ಗಂಡ ಇಲ್ವಾ ಅಂತ ಕೇಳಬಹುದು. ಇದ್ದಾನೆ. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯನ್ನು ನೋಡಿದರೆ, 15ರಿಂದ 59 ವಯಸ್ಸಿನ ಹೆಂಗಸರಲ್ಲಿ ಶೇ 41ರಷ್ಟು ಜನ ಮನೆಯವರ ಆರೈಕೆಯ ಕೆಲಸ ಮಾಡುತ್ತಾರೆ, ಗಂಡಸರಲ್ಲಿ ಶೇ 21.4. ಆರೈಕೆ ಮಾಡುವವರನ್ನೇ ತೆಗೆದುಕೊಂಡರೂ ಹೆಂಗಸರದ್ದು ದಿನಕ್ಕೆ ಸುಮಾರು 140 ನಿಮಿಷ, ಗಂಡಸರದ್ದು 74. ಮನೆಯಲ್ಲಿ ಇಬ್ಬರು ದೊಡ್ಡವರಿದ್ದಾರೆ ಅಂತ ನಾವು ಎಣಿಸುತ್ತೇವಲ್ಲ, ಮಗುವಿನ ಲೆಕ್ಕದಲ್ಲಿ ಅದು ಎಷ್ಟೋ ಮನೆಗಳಲ್ಲಿ ಒಂದೂವರೆ.

ಇಲ್ಲಿ ಇನ್ನೊಂದು ಕೆಲಸವಿದೆ, ಅದು ಯಾವ ಸಮೀಕ್ಷೆಯ ನಿಮಿಷಕ್ಕೂ ಸಿಗಲ್ಲ. ನೆನಪಿಟ್ಟುಕೊಳ್ಳುವ ಕೆಲಸ. ಪ್ರೀಸ್ಕೂಲ್‌ನಿಂದ ರಾತ್ರಿ ಒಂಬತ್ತಕ್ಕೆ ವಾಟ್ಸಾಪ್ ಮೆಸೇಜ್ ಬರುತ್ತದೆ, 'ಡಿಯರ್ ಪೇರೆಂಟ್ಸ್, ನಾಳೆ ಯೆಲ್ಲೋ ಡೇ, ಮಗುವಿಗೆ ಹಳದಿ ಬಟ್ಟೆ ಹಾಕಿ, ಡಬ್ಬಿಗೆ ಹಳದಿ ಬಣ್ಣದ ತಿಂಡಿ ಕೊಡಿ.' ಗ್ರೂಪ್‌ನಲ್ಲಿ ಇಬ್ಬರೂ ಇರುತ್ತಾರೆ. ಓದುವುದು ಅಮ್ಮ. ಹಳದಿ ಟೀಶರ್ಟ್ ಹೋದ ವರ್ಷದ್ದು, ಈಗ ಬಿಗಿ ಅಂತ ಗೊತ್ತಿರುವುದು ಅಮ್ಮನಿಗೆ. ಬಾಳೆಹಣ್ಣು ಮಧ್ಯಾಹ್ನದ ಹೊತ್ತಿಗೆ ಕಪ್ಪಾಗುತ್ತದೆ, ಮಾವಿನಹಣ್ಣಿನ ಕಾಲ ಅಲ್ಲ, ಚಿತ್ರಾನ್ನ ಮಾಡಿದರೆ ಅದರಲ್ಲಿರೋ ಕಡಲೆಬೀಜ ಗಂಟಲಿಗೆ ಸಿಕ್ಕಿಕೊಂಡರೆ ಅಂತ ಹಾಸಿಗೆಯಲ್ಲಿ ಮಲಗಿಕೊಂಡು ಯೋಚಿಸುವುದೂ ಅಮ್ಮ. ಬೆಳಗ್ಗೆ ಅಪ್ಪ ಹೇಳುತ್ತಾನೆ, "ನಂಗೆ ಹೇಳಿದ್ರೆ ನಾನೇ ಮಾಡ್ತಿದ್ದೆ ಅಲ್ವಾ?" ಪಾಪ, ಅವನು ಸುಳ್ಳು ಹೇಳುತ್ತಿಲ್ಲ. ಹೇಳಿದರೆ ಮಾಡುತ್ತಾನೆ. ಹೇಳಬೇಕಾಗಿರೋದೇ ಹೊರೆ ಅನ್ನೋದು ಮಾತ್ರ ಅವನಿಗೆ ಕಾಣುತ್ತಿಲ್ಲ.

ಇದಕ್ಕೆ ನಾನು ನೋಡಿದ ಮಟ್ಟಿಗೆ ಕೆಲಸ ಮಾಡುವ ದಾರಿ ಒಂದೇ. ಕೆಲಸ ಹಂಚಿಕೊಳ್ಳುವ ಬದಲು ಇಡೀ ವಿಭಾಗವನ್ನೇ ಬಿಟ್ಟುಕೊಡುವುದು. ಸ್ಕೂಲಿಗೆ ಸಂಬಂಧಪಟ್ಟದ್ದು ಪೂರ್ತಿ ಅಪ್ಪನದ್ದು ಅಂದರೆ ಮೆಸೇಜ್ ಓದುವುದು, ಬಟ್ಟೆ ಹುಡುಕುವುದು, ಫೀಸ್ ತುಂಬುವುದು, ಮರೆತರೆ ಟೀಚರ್ ಹತ್ತಿರ ಬೈಸಿಕೊಳ್ಳುವುದು ಎಲ್ಲವೂ ಅವನದ್ದೇ. ಬಿಟ್ಟುಕೊಟ್ಟವರೂ ಪಕ್ಕದಲ್ಲಿ ನಿಂತು "ಹಾಗಲ್ಲ, ಹೀಗೆ" ಅನ್ನಬಾರದು. ಮಗು ಯೆಲ್ಲೋ ಡೇ ದಿನ ನೀಲಿ ಬಟ್ಟೆ ಹಾಕಿಕೊಂಡು ಹೋಗುತ್ತದೆ. ಹೋಗಲಿ ಬಿಡಿ. ಮೂರು ವರ್ಷದ ಮಗುವಿಗೆ ಅದರಿಂದ ಏನೂ ಆಗಲ್ಲ.

ಬಾಣಂತನ ಮುಗಿದ ಮೇಲೆ

ಹೊಸ ಅಮ್ಮಂದಿರಿಗೆ ಕೈ ಬೇಕು ಅನ್ನೋದು ನಮ್ಮ ಹಿರಿಯರಿಗೆ ಗೊತ್ತಿಲ್ಲದ್ದೇನಲ್ಲ. ಅದಕ್ಕೇ ಬಾಣಂತನ ಇರೋದು. ಮೂರೋ ಐದೋ ತಿಂಗಳು ತವರಿನಲ್ಲಿ, ಎಣ್ಣೆ-ನೀರು, ಖಾರದ ಊಟ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಸ್ನಾನ ಮಾಡಿಸುವ ಅಜ್ಜಿ. ಅಮೆರಿಕ, ಕೆನಡಾದಲ್ಲಿರುವ ಕನ್ನಡದವರೂ ಇದನ್ನು ಬಿಟ್ಟಿಲ್ಲ. ವಿಸಿಟರ್ ವೀಸಾದಲ್ಲಿ ಮೊದಲ ಆರು ತಿಂಗಳು ಹುಡುಗಿಯ ಅಮ್ಮ ಹೋಗುತ್ತಾರೆ, ಅವರು ವಾಪಸ್ ಬರುವ ಹೊತ್ತಿಗೆ ಹುಡುಗನ ಅಮ್ಮ ಹೊರಡುತ್ತಾರೆ, ಸೂಟ್‌ಕೇಸ್ ತುಂಬ ಹುರಿಟ್ಟು, ಬಾಣಂತಿ ಲೇಹ್ಯ. ಆಮೇಲೆ? ವೀಸಾ ಮುಗಿಯುತ್ತದೆ. ಬೆಂಗಳೂರಿನಲ್ಲಾದರೆ ಅಮ್ಮ ಊರಿಗೆ ಹೋಗುತ್ತಾರೆ, ಅಲ್ಲಿ ಅಪ್ಪನಿಗೆ ಊಟಕ್ಕೆ ಕಷ್ಟ ಅಂತ.

ತಮಾಷೆ ಅಂದರೆ ಆ ಹೊತ್ತಿಗೆ ಕಷ್ಟ ಇನ್ನೂ ಶುರುವಾಗಿರುವುದೇ ಇಲ್ಲ. ಎಳೆ ಮಗು ನಿದ್ದೆ ಕೆಡಿಸುತ್ತದೆ, ನಿಜ, ಆದರೆ ಇಟ್ಟ ಕಡೆ ಇರುತ್ತದೆ. ಒಂದೂವರೆ ವರ್ಷದಿಂದ ನಾಲ್ಕರವರೆಗಿನದ್ದು ನಡೆಯುತ್ತದೆ, ಓಡುತ್ತದೆ, 'ಬೇಡ' ಅನ್ನುವುದನ್ನು ಕಲಿತಿರುತ್ತದೆ, ಆದರೆ ಯಾಕೆ ಬೇಡ ಅಂತ ಹೇಳೋಕೆ ಮಾತು ಬಂದಿರಲ್ಲ. ದೊಡ್ಡವರು ಒಬ್ಬರು ಸದಾ ಕಣ್ಣಿಟ್ಟಿರಬೇಕು. ಆ ವಯಸ್ಸಿನ ಮಕ್ಕಳ ಅಮ್ಮನಿಗೆ ಲೇಹ್ಯ ತರುವವರು ಯಾರೂ ಇಲ್ಲ.

ನಮ್ಮ ಕಾನೂನಿನ ಕಥೆಯೂ ಹೆಚ್ಚು ಕಡಿಮೆ ಬಾಣಂತನದ ಕಥೆಯೇ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಹೆರಿಗೆ ರಜೆ ಸಿಕ್ಕಿತು, ಒಳ್ಳೆಯದು. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ಅಮ್ಮ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಅಂತಲೂ ಅದೇ ತಿದ್ದುಪಡಿಯಲ್ಲಿ ಬಂತು. ಅಪ್ಪಂದಿರಿಗೆ? ಸರ್ಕಾರಿ ನೌಕರರಾದರೆ 15 ದಿನ. ಖಾಸಗಿಯಲ್ಲಿ ಕಂಪನಿ ಕೊಟ್ಟಷ್ಟು. ಹದಿನೈದು ದಿನದಲ್ಲಿ ಅಪ್ಪ ಡೈಪರ್ ಹಾಕುವುದನ್ನು ಕಲಿಯುವಷ್ಟರಲ್ಲಿ ಆಫೀಸಿಗೆ ವಾಪಸ್, ಅಲ್ಲಿಂದ ಮುಂದೆ ಮನೆಯಲ್ಲಿ ಅವನು 'ಹೆಲ್ಪ್ ಮಾಡುವವನು' ಆಗಿಬಿಡುತ್ತಾನೆ. ಕರ್ನಾಟಕ ಸರ್ಕಾರ 2021ರಲ್ಲಿ ತನ್ನ ಮಹಿಳಾ ನೌಕರರಿಗೆ 180 ದಿನಗಳ ಶಿಶುಪಾಲನಾ ರಜೆ ಕೊಟ್ಟಿತು. ಅದನ್ನು ಹೆರಿಗೆಯ ಹೊತ್ತಿಗೇ ಮುಗಿಸಬೇಕಿಲ್ಲ, ಮಗು ದೊಡ್ಡದಾಗುವವರೆಗೂ ಬೇಕಾದಾಗ ತೆಗೆದುಕೊಳ್ಳಬಹುದು. ಕಷ್ಟ ಯಾವಾಗ ಬರುತ್ತದೆ ಅಂತ ಯೋಚಿಸಿ ಮಾಡಿದ ರಜೆ ಅದು. ಆದರೆ ಹೆಂಗಸರಿಗೆ ಮಾತ್ರ, ಸರ್ಕಾರಿ ಕೆಲಸದಲ್ಲಿದ್ದರೆ ಮಾತ್ರ ಅನ್ನುವಲ್ಲಿ ಅದರ ಮಿತಿಯೂ ಇತ್ತು.

ಬೇರೆಯವರ ಮನೆ ಕೆಲಸಕ್ಕೆ ಹೋಗುವ, ಗಾರ್ಮೆಂಟ್ಸ್‌ಗೆ ಹೋಗುವ ಅಮ್ಮಂದಿರ ಸಂಜೆ ಇನ್ನೂ ಬಿಗಿ. ಫ್ಯಾಕ್ಟರಿಗಳಲ್ಲಿ ಮಕ್ಕಳ ಕೊಠಡಿ ಇರಬೇಕು ಅನ್ನುವ ನಿಯಮ ಹೊಸದೇನಲ್ಲ, 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ಆದರೆ ಬೆಳಗ್ಗೆ ಎಂಟಕ್ಕೆ ಕಿಕ್ಕಿರಿದ ಬಸ್ಸಿನಲ್ಲಿ ಎರಡು ವರ್ಷದ ಮಗುವನ್ನು ಎತ್ತಿಕೊಂಡು ಹೋಗುವುದು ಹೇಗೆ? ಹಾಗಾಗಿ ಎಷ್ಟೋ ಮಕ್ಕಳು ಊರಲ್ಲಿ ಅಜ್ಜಿ ಹತ್ತಿರ ಬೆಳೆಯುತ್ತವೆ, ಅಮ್ಮ ತಿಂಗಳಿಗೊಮ್ಮೆ ನೋಡಿ ಬರುತ್ತಾಳೆ. ಅಂಗನವಾಡಿ ಇದೆ ಅಂತೀರಾ? ಇದೆ, ಮತ್ತು ಅದು ನಾವು ಹೆಮ್ಮೆ ಪಡಬೇಕಾದ ವ್ಯವಸ್ಥೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ 33 ಕಡೆ ಶುರುವಾದಾಗ ಅದರಲ್ಲಿ ನಮ್ಮ ಟಿ. ನರಸೀಪುರವೂ ಒಂದು. ಆದರೆ ಅಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮಕ್ಕಳನ್ನು. ಮೂರರೊಳಗಿನವರಿಗೆ ಮನೆಗೆ ಪೌಷ್ಟಿಕ ಆಹಾರ ಸಿಗುತ್ತದೆ, ನೋಡಿಕೊಳ್ಳುವ ಕೈ ಸಿಗಲ್ಲ. ಈ ಕಂದಕ ಮುಚ್ಚೋಕೆ ಅಂತಲೇ ರಾಜ್ಯ ಸರ್ಕಾರ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಮಾಡುವುದಾಗಿ ಹೇಳಿತು, ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ಅಮ್ಮಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ. ನನ್ನನ್ನು ಕೇಳಿದರೆ ಮಕ್ಕಳನ್ನು ಸಾಕುವವರ ಒತ್ತಡದ ಬಗ್ಗೆ ಈ ರಾಜ್ಯದಲ್ಲಿ ಬಂದಿರುವ ಅತಿ ಗಂಭೀರ ಯೋಚನೆ ಇದೇ. ಇದನ್ನು ಪಟ್ಟಣದ ವಾರ್ಡುಗಳಿಗೂ ತಂದು, ಸಂಜೆ ಏಳರವರೆಗೆ ತೆಗೆದಿಟ್ಟರೆ ಎಷ್ಟು ಮನೆಗಳಲ್ಲಿ ಎಷ್ಟು ಬೈಗುಳ ಕಡಿಮೆಯಾಗಬಹುದು!

ದೋಸೆ ಮುರಿದ ಗಳಿಗೆ

ಸರ್ಕಾರ ಮಾಡುವುದನ್ನು ಮಾಡಲಿ, ಇವತ್ತು ರಾತ್ರಿ ಎಂಟು ಗಂಟೆಗೆ ಏನು ಮಾಡೋದು ಅನ್ನೋ ಪ್ರಶ್ನೆ ಉಳಿಯುತ್ತದೆ.

ಎರಡೂವರೆ ವರ್ಷದ ಮಗುವಿಗೆ ಅಪ್ಪ ದೋಸೆ ಹಾಕಿಕೊಟ್ಟ. ಬಿಸಿ ಇದೆ ಅಂತ ನಾಲ್ಕು ಚೂರು ಮಾಡಿ ತಟ್ಟೆಯಲ್ಲಿಟ್ಟ. ಮಗು ಒಂದು ಕ್ಷಣ ತಟ್ಟೆ ನೋಡಿತು. ಕೆಳತುಟಿ ಮುಂದೆ ಬಂತು. ಆಮೇಲೆ ಶುರು. ಮುರಿದದ್ದು ಬೇಡವಂತೆ. ಇನ್ನೊಂದು ಹಾಕಿಕೊಡ್ತೀನಿ ಅಂದರೆ ಅದೂ ಬೇಡ, ಇದೇ ಬೇಕು, ಇದನ್ನೇ "ಅಂಟಿಸಿ ಕೊಡು." ಅಪ್ಪ ಚೂರುಗಳನ್ನು ಪಕ್ಕಪಕ್ಕ ಜೋಡಿಸಿ, ಮೇಲೆ ಚಟ್ನಿ ಸವರಿ, ನೋಡು ಪುಟ್ಟಾ ಅಂಟಿತು ಅಂದ. ತಟ್ಟೆ ನೆಲಕ್ಕೆ ಬಿತ್ತು. ಮಗು ನೆಲದ ಮೇಲೆ, ಕಾಲು ಬಡಿಯುತ್ತಾ. ಅಪ್ಪನ ಕಿವಿ ಬಿಸಿಯಾಗಿದೆ, ಹಲ್ಲು ಕಚ್ಚಿಕೊಂಡಿದ್ದಾನೆ, ಕೈ ಮೇಲೇಳುವುದರಲ್ಲಿದೆ.

ಇಂಥ ರಂಪಕ್ಕೂ ಒಂದು ಆಕಾರವಿದೆ. ಮೈಕೆಲ್ ಪೊಟೆಗಲ್ ಅನ್ನುವ ಸಂಶೋಧಕ ಮತ್ತು ಅವರ ಜೊತೆಗಾರರು ಚಿಕ್ಕ ಮಕ್ಕಳ ರಂಪಗಳನ್ನು ಮೊದಲಿಂದ ಕೊನೆಯವರೆಗೆ ಬಿಡಿಸಿ ನೋಡಿ 2003ರಲ್ಲಿ ಬರೆದರು. ಮುಕ್ಕಾಲು ಭಾಗ ರಂಪಗಳು ಐದು ನಿಮಿಷದೊಳಗೆ ಮುಗಿದಿದ್ದವು. ಅದರಲ್ಲಿ ಸಿಟ್ಟು ಮತ್ತು ದುಃಖ ಎರಡೂ ಇರುತ್ತವೆ. ಕಿರುಚುವುದು, ಒದೆಯುವುದು, ಎಸೆಯುವುದು ಶುರುವಿನಲ್ಲೇ ಏರಿ ಇಳಿಯುತ್ತದೆ. ಬಿಕ್ಕುವುದು, ಗೊಣಗುವುದು, ಎತ್ತಿಕೋ ಅಂತ ಕೈ ಚಾಚುವುದು ಉದ್ದಕ್ಕೂ ಇದ್ದು ಕೊನೆಯಲ್ಲಿ ಅದೇ ಉಳಿಯುತ್ತದೆ. ಇದು ಗೊತ್ತಿದ್ದರೆ ಒಂದು ಲಾಭವಿದೆ. ಸಿಟ್ಟು ಏರಿರುವ ಮೊದಲ ನಿಮಿಷಗಳಲ್ಲಿ ನೀವು ಏನು ಹೇಳಿದರೂ ಒಳಗೆ ಹೋಗಲ್ಲ. ಬುದ್ಧಿಮಾತೂ ಹೋಗಲ್ಲ, ಆಮಿಷವೂ ಹೋಗಲ್ಲ, "ಯಾಕೆ ಹೀಗೆ ಮಾಡ್ತೀಯಾ" ಅನ್ನೋ ಪ್ರಶ್ನೆಯಂತೂ ಬೆಂಕಿಗೆ ತುಪ್ಪ. ಮಗುವಿಗೆ ಪೆಟ್ಟಾಗದ ಹಾಗೆ ನೋಡಿಕೊಂಡು, ಪಕ್ಕದಲ್ಲೇ ನೆಲದ ಮೇಲೆ ಕೂತು, ಬಾಯಿ ಮುಚ್ಚಿಕೊಂಡಿರುವುದೇ ಆಗ ಮಾಡಬಹುದಾದ ದೊಡ್ಡ ಕೆಲಸ. ಕೈ ಚಾಚುವ ಹೊತ್ತು ಬಂದೇ ಬರುತ್ತದೆ. ಆಗ ಎತ್ತಿಕೊಳ್ಳಿ. ಅದು ಸೋಲಲ್ಲ, ಹಠಕ್ಕೆ ಬಗ್ಗಿದ ಹಾಗೂ ಅಲ್ಲ. ದೋಸೆ ಅಂಟಿಸಿ ಕೊಟ್ಟಿಲ್ಲವಲ್ಲ?

ಮಗು ಬೇಕಂತಲೇ ಮಾಡುತ್ತಿದೆ ಅನ್ನಿಸುವುದು ಸಹಜ. ಆದರೆ ಸಿಟ್ಟಿಗೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಪೂರ್ತಿ ಬಲಿಯೋಕೆ ಇಪ್ಪತ್ತೈದರ ಹತ್ತಿರ ಬರಬೇಕು. ಮೂವತ್ತೈದಾದ ಅಪ್ಪನಿಗೇ ಆ ಗಳಿಗೆಯಲ್ಲಿ ಕಡಿವಾಣ ಸಿಗುತ್ತಿಲ್ಲ, ಎರಡೂವರೆಯದ್ದಕ್ಕೆ ಎಲ್ಲಿಂದ ಬರಬೇಕು?

ದೊಡ್ಡವರ ಸಿಟ್ಟಿಗೂ ಮುನ್ಸೂಚನೆ ಇರುತ್ತದೆ. ಕೆಲವರಿಗೆ ದವಡೆ ಬಿಗಿಯುತ್ತದೆ, ಕೆಲವರಿಗೆ ಎದೆ ಬಡಿತ ಜೋರಾಗುತ್ತದೆ, ಕೆಲವರು ಮಗುವನ್ನು ಪೂರ್ತಿ ಹೆಸರು ಹಿಡಿದು ಕರೆಯೋಕೆ ಶುರು ಮಾಡುತ್ತಾರೆ. ಅದು ಗೊತ್ತಾದ ಕೂಡಲೇ ಉಸಿರನ್ನು ನಿಧಾನವಾಗಿ, ಒಳಗೆ ತೆಗೆದುಕೊಂಡದ್ದಕ್ಕಿಂತ ಉದ್ದವಾಗಿ ಹೊರಗೆ ಬಿಟ್ಟರೆ ಬಡಿತ ಸ್ವಲ್ಪ ಇಳಿಯುತ್ತದೆ. ಆಗಲ್ಲ ಅನ್ನಿಸಿದರೆ ಇನ್ನೊಬ್ಬರಿಗೆ "ನೀನು ನೋಡ್ಕೋ" ಅಂತ ಹೇಳಿ ಎದ್ದು ಹೋಗಿ. ಯಾರೂ ಇಲ್ಲದಿದ್ದರೆ ಎಳೆ ಮಗುವನ್ನು ತೊಟ್ಟಿಲಲ್ಲೋ ಹಾಸಿಗೆಯ ಮೇಲೋ ಅಂಗಾತ, ಬೀಳದ ಹಾಗೆ ಮಲಗಿಸಿ ಎರಡು ನಿಮಿಷ ಬಾಗಿಲಾಚೆ ನಿಂತು ಬನ್ನಿ. ಎಳೆ ಮಕ್ಕಳ ಅಳು ಸುಮಾರು ಆರರಿಂದ ಎಂಟನೇ ವಾರದಲ್ಲಿ ಅತಿ ಹೆಚ್ಚು, ಏನು ಮಾಡಿದರೂ ನಿಲ್ಲಲ್ಲ ಅನ್ನಿಸುವುದು ಆಗಲೇ. ಸಿಟ್ಟಿನಲ್ಲಿ ಎಳೆ ಮಗುವನ್ನು ಹಿಡಿದು ಅಲುಗಾಡಿಸುವುದು ಮಾತ್ರ ಯಾವ ಕಾರಣಕ್ಕೂ ಕೂಡದು. ಕೆಲವೇ ಸೆಕೆಂಡುಗಳಲ್ಲಿ ಮಿದುಳೊಳಗೆ ರಕ್ತಸ್ರಾವ ಆಗಬಹುದು, ಜೀವವೇ ಹೋಗಬಹುದು. ಎರಡು ನಿಮಿಷ ಅತ್ತ ಮಗುವಿಗೆ ಏನೂ ಆಗಲ್ಲ.

ಇನ್ನು ಏಟು. ಸ್ಕೂಲಿನಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಮನೆಯಲ್ಲಿ ಇನ್ನೂ "ಎರಡು ಬಿಟ್ರೆ ಸರಿ ಹೋಗ್ತಾನೆ" ನಡೆಯುತ್ತಿದೆ. ನಾವೂ ಏಟು ತಿಂದೇ ಬೆಳೆದವರು, ಏನಾಗಿದೆ ಅಂತ ವಾದ. ಎಲಿಜಬೆತ್ ಗೆರ್ಷಾಫ್ ಮತ್ತು ಆಂಡ್ರ್ಯೂ ಗ್ರೋಗನ್-ಕೇಯ್ಲರ್ ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ, 1,60,000ಕ್ಕೂ ಹೆಚ್ಚು ಮಕ್ಕಳ ಮಾಹಿತಿ ನೋಡಿ 2016ರಲ್ಲಿ ಬರೆದದ್ದು ಬೇರೆಯೇ. ಹೊಡೆಸಿಕೊಂಡ ಮಕ್ಕಳಲ್ಲಿ ಮಾತು ಕೇಳುವುದು ಹೆಚ್ಚಾಗಿರಲಿಲ್ಲ, ಆಕ್ರಮಣಕಾರಿ ಸ್ವಭಾವ ಮತ್ತು ಮನಸ್ಸಿನ ತೊಂದರೆಗಳು ಹೆಚ್ಚಾಗಿದ್ದವು. ಹೊಡೆತದಿಂದ ಆ ಕ್ಷಣಕ್ಕೆ ಮಗು ಸುಮ್ಮನಾಗುತ್ತದೆ, ನಿಜ. ಅದು ಭಯಕ್ಕೆ.

ಇಷ್ಟೆಲ್ಲ ಗೊತ್ತಿದ್ದೂ ಕೂಗಾಡುವ ದಿನ ಬರುತ್ತದೆ. ಎಲ್ಲರ ಮನೆಯಲ್ಲೂ. ಆಮೇಲೆ ಮಗು ಮಲಗಿದ ಮೇಲೆ ಅದರ ಮುಖ ನೋಡಿಕೊಂಡು ಅಳುವುದು, ಗೂಗಲ್‌ನಲ್ಲಿ 'ಮಗುವಿಗೆ ಬೈದರೆ ಏನಾಗುತ್ತದೆ' ಅಂತ ಹುಡುಕುವುದು. ಇಂಥವರಿಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ ಟ್ರಾನಿಕ್ ಅವರ ಕೆಲಸ ಸಮಾಧಾನ ಕೊಡಬಹುದು. 1970ರ ದಶಕದಲ್ಲಿ ಅವರು ಒಂದು ಪ್ರಯೋಗ ಮಾಡಿದ್ದರು. ಆಟವಾಡಿಸುತ್ತಿರುವ ಅಮ್ಮ ಇದ್ದಕ್ಕಿದ್ದಂತೆ ಮುಖದಲ್ಲಿ ಯಾವ ಭಾವವೂ ಇಲ್ಲದೆ ಕೂತುಬಿಡಬೇಕು. ಮಗು ಮೊದಲು ನಗುತ್ತದೆ, ಕೈ ತೋರಿಸುತ್ತದೆ, ಅಮ್ಮನನ್ನು ವಾಪಸ್ ಕರೆಯೋಕೆ ಏನೇನೋ ಮಾಡುತ್ತದೆ, ಕೊನೆಗೆ ಅಳುತ್ತದೆ. ಅಮ್ಮ ಮತ್ತೆ ನಕ್ಕು ಮಾತಾಡಿಸಿದರೆ ಜೋಡಿ ಕ್ರಮೇಣ ಸರಿಹೋಗುತ್ತದೆ. ಅವರು ಕಂಡುಕೊಂಡ ಇನ್ನೊಂದು ಸಂಗತಿ ಇನ್ನೂ ಮುಖ್ಯ. ಚೆನ್ನಾಗಿರುವ ಅಮ್ಮ-ಮಗುವಿನ ಜೋಡಿಯಲ್ಲೂ ಇಬ್ಬರ ಭಾವ ಒಂದಕ್ಕೊಂದು ಹೊಂದಿಕೊಂಡಿರುವುದು ಹೆಚ್ಚೂಕಮ್ಮಿ ಮೂರರಲ್ಲಿ ಒಂದು ಪಾಲು ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ತಪ್ಪುವುದು, ಮತ್ತೆ ಜೋಡಿಸಿಕೊಳ್ಳುವುದು. ಮಗು ಕಲಿಯುವುದು ಆ ಜೋಡಿಸಿಕೊಳ್ಳುವುದರಿಂದಲೇ.

ಜೋಡಿಸಿಕೊಳ್ಳೋಕೆ ದೊಡ್ಡ ಭಾಷಣ ಬೇಡ. "ಅಮ್ಮ ಜೋರಾಗಿ ಕಿರುಚಿಬಿಟ್ಟೆ. ನಿಂಗೆ ಹೆದರಿಕೆ ಆಯ್ತಲ್ವಾ? ಸಾರಿ ಕಂದಾ." ಅಲ್ಲಿಗೆ ನಿಲ್ಲಿಸಬೇಕು. "ಆದ್ರೆ ನೀನೂ ಹಾಗೆ ಮಾಡಬಾರ್ದಿತ್ತು" ಅಂತ ಸೇರಿಸಿದರೆ ಸಾರಿ ಹೋಗಿ ಮತ್ತೊಂದು ಬೈಗುಳ ಆಗುತ್ತದೆ. ಮಕ್ಕಳ ಹತ್ತಿರ ಕ್ಷಮೆ ಕೇಳಿದರೆ ತಲೆ ಮೇಲೆ ಕೂರುತ್ತಾರೆ ಅನ್ನುವ ಹಿರಿಯರಿದ್ದಾರೆ. ಕೂರಲ್ಲ. ಕ್ಷಮೆ ಕೇಳುವುದು ಹೇಗೆ ಅಂತ ಅವರು ಕಲಿಯುವುದು ಮತ್ತೆಲ್ಲಿಂದ?

ಹಿರಿಯರ ವಿಷಯ ಬಂತು. ಅಜ್ಜಿ-ತಾತ ಬಂದರೆ ಕೈ ಸಿಗುತ್ತದೆ, ಜೊತೆಗೆ "ಮಗು ಸಣ್ಣ ಆಗಿದೆ, ಏನೂ ತಿನ್ನಿಸಲ್ವಾ?" ಕೂಡ ಬರುತ್ತದೆ. ಆ ಮಾತಿಗೆ ಸೊಸೆಗಾಗುವ ನೋವು ಸಣ್ಣದೇನಲ್ಲ. ಆದರೆ ಅರವತ್ತೈದರ ಮಂಡಿ ನೋವಿನ ಅತ್ತೆ ಎರಡು ವರ್ಷದ ಮಗುವಿನ ಹಿಂದೆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾರೆ ಅನ್ನುವುದೂ ನಿಜ. ಅವರಿಗೂ ರಜೆ ಬೇಕು, ಊರಿನ ಗೆಳತಿಯರು ಬೇಕು. ಮಗ ಮಧ್ಯದಲ್ಲಿ ಮೊಬೈಲ್ ನೋಡಿಕೊಂಡು ಕೂತರೆ ಆಗಲ್ಲ. ತನ್ನ ಅಮ್ಮನ ಹತ್ತಿರ ಮಾತಾಡಬೇಕಾದವನು ಅವನೇ.

ಮೊಬೈಲ್ ಅಂದ ಕೂಡಲೇ ಎಲ್ಲರಿಗೂ ತಪ್ಪಿತಸ್ಥ ಭಾವ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಎರಡು ವರ್ಷದೊಳಗಿನವರಿಗೆ ಸ್ಕ್ರೀನ್ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಅಂತ. ಸರಿಯಾದ ಮಾತೇ. ಆದರೆ ಯೋಚಿಸಿ ನೋಡಿ, ಒಬ್ಬಳೇ ಇರುವ ಅಮ್ಮ ಸ್ನಾನ ಮಾಡುವಾಗ ಆ ಮೊಬೈಲ್ ಮಾಡುತ್ತಿರುವುದು ಹಿಂದಿನ ಕಾಲದ ನಾದಿನಿಯ ಕೆಲಸ. ಮೂರು ವರ್ಷದ್ದಕ್ಕೆ ಇಪ್ಪತ್ತು ನಿಮಿಷ ಹಾಡು ಹಚ್ಚಿ ಸ್ನಾನಕ್ಕೆ ಹೋದವಳಿಗೂ, ಪ್ರತಿ ತುತ್ತಿಗೂ ಮೊಬೈಲ್ ಹಿಡಿಯುವ ಅಭ್ಯಾಸಕ್ಕೂ ವ್ಯತ್ಯಾಸವಿದೆ. ಎರಡನೆಯದರಲ್ಲಿ ಮಗುವಿಗೆ ಹೊಟ್ಟೆ ತುಂಬಿದ್ದೇ ಗೊತ್ತಾಗಲ್ಲ. ಬಿಡಿಸಬೇಕಾದದ್ದು ಅದು.

ದಣಿವು ಕಾಯಿಲೆಯಾದಾಗ

ಒಂದು ಗೆರೆ ಇದೆ. ದಣಿದವರು ಒಂದು ರಾತ್ರಿ ಚೆನ್ನಾಗಿ ಮಲಗಿದರೆ, ಭಾನುವಾರ ಯಾರಾದರೂ ಮಗುವನ್ನು ಪಾರ್ಕಿಗೆ ಕರೆದುಕೊಂಡು ಹೋದರೆ ಸ್ವಲ್ಪ ಚೇತರಿಸಿಕೊಳ್ಳುತ್ತಾರೆ. ಎರಡು ವಾರಕ್ಕೂ ಹೆಚ್ಚು ಕಾಲ ಏನೂ ಬೇಡ ಅನ್ನಿಸುವುದು, ಮಗು ಮಲಗಿದಾಗಲೂ ನಿದ್ದೆ ಬಾರದಿರುವುದು, ಮಗುವಿನ ಮೇಲೆ ಯಾವ ಭಾವವೂ ಹುಟ್ಟದಿರುವುದು, ನಾನಿಲ್ಲದಿದ್ದರೆ ಇವರೆಲ್ಲ ಚೆನ್ನಾಗಿರುತ್ತಾರೆ ಅನ್ನಿಸುವುದು, ಇವು ರಜೆಯಿಂದ ಹೋಗುವ ದಣಿವಲ್ಲ. ಭಾರತದ ಅಧ್ಯಯನಗಳನ್ನು ಒಟ್ಟಿಗೆ ನೋಡಿ 2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ ಹೆರಿಗೆಯ ನಂತರದ ಖಿನ್ನತೆ ಸುಮಾರು ಶೇ 22ರಷ್ಟು ಅಮ್ಮಂದಿರಲ್ಲಿ ಕಂಡಿತ್ತು. ಐವರಲ್ಲಿ ಒಬ್ಬರು ಅಂದುಕೊಳ್ಳಿ. ಗಾಳಿ ಸೋಕಿದೆ, ದೃಷ್ಟಿಯಾಗಿದೆ ಅಂತ ತಾಯತ ಕಟ್ಟಿಸಿ ಕಾಯುತ್ತಾ ಕೂರುವ ವಿಷಯ ಇದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗುವಿನ ಘಟಕವೇ ಇದೆ, ಅಮ್ಮನಿಗೆ ಚಿಕಿತ್ಸೆ ಕೊಡುವಾಗ ಮಗುವನ್ನು ಅವಳಿಂದ ಬೇರೆ ಮಾಡುವುದಿಲ್ಲ. ಅಷ್ಟು ದೂರ ಹೋಗಲಾಗದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದಿನದ 24 ಗಂಟೆಯೂ ಸಿಗುತ್ತದೆ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ಅಪ್ಪಂದಿರೂ ಮಾಡಬಹುದು.

ಆದರೆ ಇಂಥ ಸ್ಥಿತಿಯಲ್ಲಿರುವವರು ತಾವಾಗಿ ಫೋನ್ ಮಾಡುವುದು ಕಷ್ಟ. ಕೇಳುವವರು ಬೇಕು. ಮಗುವಿನ ಲಸಿಕೆಗೆ ಅಮ್ಮ ಆರನೇ ವಾರ, ಹತ್ತನೇ ವಾರ, ಹದಿನಾಲ್ಕನೇ ವಾರ, ಒಂಬತ್ತನೇ ತಿಂಗಳು, ಮತ್ತೆ ಒಂದೂವರೆ ವರ್ಷದ ಹೊತ್ತಿಗೆ ಆಸ್ಪತ್ರೆಗೋ ಅಂಗನವಾಡಿಗೋ ಬಂದೇ ಬರುತ್ತಾಳೆ. ಮಗುವನ್ನು ತೂಗುತ್ತಾರೆ, ಕಾರ್ಡಿನಲ್ಲಿ ಬರೆಯುತ್ತಾರೆ, ಜ್ವರ ಬಂದರೆ ಈ ಹನಿ ಹಾಕಿ ಅಂತ ಹೇಳಿ ಕಳಿಸುತ್ತಾರೆ. ಆಶಾ ಕಾರ್ಯಕರ್ತೆಯೋ ನರ್ಸಮ್ಮನೋ ಅಲ್ಲೇ ಎರಡು ಪ್ರಶ್ನೆ ಸೇರಿಸಬಹುದು: "ನಿಂಗೆ ನಿದ್ದೆ ಬರ್ತಿದ್ಯಾ? ಮನೇಲಿ ಮಗೂನ ಇನ್ಯಾರು ಎತ್ಕೋತಾರೆ?"